ಇಲಿ ಹೇಳಿದ ಅರ್ಧ ಸತ್ಯ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಟೀಮ್ ಒಂದು ಬೀಮ್‌ನ ಸಿಮ್ಯುಲೇಷನ್ ಮಾಡಿತ್ತು. ಲ್ಯಾಬ್‌ನಲ್ಲಿ ಲೋಡ್ ಹಾಕಿದಾಗ ಅದು ಬಾಗಿದ್ದೇ ಬೇರೆ ಥರ. ರಿಪೋರ್ಟ್‌ನಲ್ಲಿ 'ಎಕ್ಸ್‌ಪೆರಿಮೆಂಟಲ್ ಎರರ್' ಅಂತ ಬರೆದು ಕೈ ತೊಳ್ಕೊಂಡ್ವಿ. ಆಮೇಲೆ ಬಯಾಲಜಿ ಅಸೈನ್‌ಮೆಂಟ್‌ಗೆ ಅಂತ ಓದಿದ ಒಂದು ಕಥೆ ನನ್ನನ್ನ ಬಿಡ್ಲಿಲ್ಲ.

1959ರಲ್ಲಿ ಅಮೆರಿಕದ ವಾಲ್ಟರ್ ಹೇಮನ್ ಮತ್ತು ಸಂಗಡಿಗರು ಇಲಿಗಳಿಗೆ ಕಿಡ್ನಿಯ ಸಾರವನ್ನೇ ಇಂಜೆಕ್ಟ್ ಮಾಡಿದರು. ಇಲಿಯ ದೇಹ ಅದರ ವಿರುದ್ಧ ಆಂಟಿಬಾಡಿ ತಯಾರಿಸಿತು. ಕೊನೆಗೆ ಆ ಆಂಟಿಬಾಡಿ ಇಲಿಯ ಸ್ವಂತ ಕಿಡ್ನಿಯ ಮೇಲೇ ತಿರುಗಿಬಿತ್ತು. ಮೂತ್ರದಲ್ಲಿ ಪ್ರೋಟೀನ್ ಸೋರತೊಡಗಿತು. ಮನುಷ್ಯರಿಗೆ ಬರುವ ಮೆಂಬ್ರನಸ್ ನೆಫ್ರೋಪತಿ ಥರಾನೇ ಇತ್ತು ಈ ಕಾಯಿಲೆ.

ರಕ್ತದಲ್ಲಿ ತೇಲುವ ಆಂಟಿಬಾಡಿ ಗಂಟುಗಳು ಟೀ ಸೋಸುವ ಜಾಲರಿಯಲ್ಲಿ ಚರಟ ಸಿಕ್ಕಿದ ಹಾಗೆ ಕಿಡ್ನಿಯಲ್ಲಿ ಸಿಕ್ಕಿಕೊಳ್ಳುತ್ತವೆ ಅಂತ ಮೊದಲು ನಂಬಿದ್ದರು. ಹಾಗಲ್ಲ, ಆಂಟಿಬಾಡಿ ನೇರವಾಗಿ ಜಾಲರಿಗೇ ಹೋಗಿ ಅಂಟುತ್ತೆ ಅಂತ 1978ರಲ್ಲಿ ತೋರಿಸಿದ್ದು ಇದೇ ಇಲಿ ಮಾಡೆಲ್. ಅಂಟುವ ಜಾಗವೂ ಸಿಕ್ತು: ಮೆಗಾಲಿನ್ ಅನ್ನೋ ಪ್ರೋಟೀನ್.

ಆದರೆ ಮನುಷ್ಯರ ಕಿಡ್ನಿಯ ಆ ಫಿಲ್ಟರ್ ಜೀವಕೋಶಗಳಲ್ಲಿ ಮೆಗಾಲಿನ್ ಇರಲಿಲ್ಲ!

ನಮ್ಮಲ್ಲಿನ ಮುಖ್ಯ ಗುರಿ ಪಿಎಲ್‌ಎ2ಆರ್ ಅನ್ನೋ ಬೇರೆ ಪ್ರೋಟೀನ್ ಅಂತ ಗೊತ್ತಾಗಿದ್ದು 2009ರಲ್ಲಿ, ಅಂದ್ರೆ 50 ವರ್ಷ ಆದ್ಮೇಲೆ. ಅದು ಸಿಕ್ಕಿದ್ದು ಇಲಿಯಿಂದ ಅಲ್ಲ, ರೋಗಿಗಳ ರಕ್ತದಿಂದ. ಪರೀಕ್ಷಿಸಿದ 37 ರೋಗಿಗಳಲ್ಲಿ 26 ಜನರಿಗೆ ಈ ಆಂಟಿಬಾಡಿ ಇತ್ತು. ಇವತ್ತು ಬರೀ ರಕ್ತಪರೀಕ್ಷೆಯಿಂದ ಎಷ್ಟೋ ಜನರ ಕಾಯಿಲೆ ಪತ್ತೆಯಾಗುತ್ತೆ. ಕೆಲವರಿಗೆ ಸೂಜಿ ಚುಚ್ಚಿ ಬಯಾಪ್ಸಿ ಮಾಡೋದೂ ತಪ್ಪಿದೆ.

ಹಾಗಾದ್ರೆ ಇಲಿಗಳು ಸುಮ್ಮನೆ ಸತ್ತವಾ? ನನಗೆ ಹಾಗನ್ನಿಸಲ್ಲ. 'ಫಿಲ್ಟರ್‌ನಲ್ಲೇ ಹುಡುಕಿ' ಅಂತ ದಾರಿ ತೋರಿಸಿದ್ದು ಅವೇ. ಆದರೆ ಹೇಗೆ ಅನ್ನೋದನ್ನ ಹೇಳಿದ ಮಾಡೆಲ್, ಯಾವುದು ಅನ್ನೋದನ್ನೂ ಸರಿಯಾಗಿ ಹೇಳಬೇಕು ಅಂತೇನಿಲ್ಲ.

2023ರಲ್ಲಿ ನಮ್ಮ ದೇಶದ ಔಷಧ ನಿಯಮಗಳು ಪ್ರಾಣಿಗಳ ಬದಲು ಆರ್ಗನ್ ಚಿಪ್, ಕಂಪ್ಯೂಟರ್ ಮಾಡೆಲ್‌ಗಳಿಗೂ ಅವಕಾಶ ಕೊಟ್ಟವು. ಒಳ್ಳೇದೇ. ಆದರೆ ಚಿಪ್ ಕೂಡ ಒಂದು ಮಾಡೆಲ್ಲೇ ಅಲ್ವಾ? ಅದನ್ನ ನಾಳೆ ಕಟ್ಟೋರು ನಮ್ಮಂಥವರೇ. ಯಾವುದನ್ನ ಊಹಿಸಿದ್ದೀವಿ, ಯಾವುದನ್ನ ಬಿಟ್ಟಿದ್ದೀವಿ ಅನ್ನೋದು ರಿಪೋರ್ಟ್‌ನ ಮೊದಲ ಪುಟದಲ್ಲೇ ಇರಬೇಕು. ಅಂದಹಾಗೆ, ನಮ್ಮ ಬೀಮ್‌ದು ಎಕ್ಸ್‌ಪೆರಿಮೆಂಟಲ್ ಎರರ್ ಅಲ್ಲ. ಅಲುಗಾಡುವ ಸಪೋರ್ಟ್‌ನ ನಾವು ಗಟ್ಟಿ ಅಂತ ಊಹಿಸಿದ್ವಿ.