ಹಾಲಿ ರೂಪಾಯಿಯ ಮೇಲೆ ಕನ್ನಡ



ಹೋದ ತಿಂಗಳು ನಮ್ಮ ಅಮೀರ್‌ಪೇಟ್ ಮನೆಯಲ್ಲಿ ಒಂದು ಮಾತು ಬಂತು. ಕೋಚಿಂಗ್ ಮುಗಿಸಿ ಬಂದ ಮಗ, "ಎಷ್ಟಾದರೂ ನಾವು ಈ ಊರಿಗೆ ಹೊರಗಿನವರು ಬಿಡಮ್ಮ" ಅಂದ. ಎಂಬತ್ತೆಂಟು ದಾಟಿದ ನಮ್ಮ ಅತ್ತೆ ಏನೂ ಅನ್ನಲಿಲ್ಲ. ಎದ್ದು ಹೋಗಿ ಟ್ರಂಕಿನ ತಳದಿಂದ, ಕುಂಕುಮದ ಕಲೆಯಾಗಿದ್ದ ಒಂದು ಹಳೆಯ ಹತ್ತು ರೂಪಾಯಿ ನೋಟು ತಂದು ಅವನ ಕೈಗಿಟ್ಟರು. ನಿಜಾಮರ ಸರ್ಕಾರದ ನೋಟು. ಉರ್ದು, ಇಂಗ್ಲಿಷ್, ತೆಲುಗು, ಮರಾಠಿ, ಜೊತೆಗೆ ನಮ್ಮ ಕನ್ನಡ!

"ನಾ ಹೈದ್ರಾಬಾದಿಗೆ ಬರೂಕಿಂತ ಮೊದ್ಲ ಹೈದ್ರಾಬಾದ ನಮ್ಮೂರಿಗೆ ಬಂದಿತ್ತು" ಅಂದರು.

ನಿಜ. ರಾಯಚೂರು, ಗುಲ್ಬರ್ಗಾ, ಬೀದರ್ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಇಂಗ್ಲಿಷರ ಆಳ್ವಿಕೆಯಲ್ಲೂ ಈ ರಾಜ್ಯಕ್ಕೆ ಸ್ವಂತ ನಾಣ್ಯ, ಸ್ವಂತ ರೈಲು ಇತ್ತು. ಇಲ್ಲಿಂದ ಲಕ್ಡಿಕಾಪೂಲ್ ಕಡೆ ಹೋಗುವಾಗ ಸಿಗುವ ಸೈಫಾಬಾದ್ ಟಂಕಸಾಲೆ 1903ರದು. ಮೊದಲ ಮಹಾಯುದ್ಧದಲ್ಲಿ ಬೆಳ್ಳಿ ಸಿಗದಾದಾಗ, 1918ರಲ್ಲಿ ಕಾಗದದ ನೋಟು ಬಂತು. ನಮ್ಮದು ಹಾಲಿ ರೂಪಾಯಿ, ಇಂಗ್ಲಿಷರದು ಕಲ್ದಾರ್. ಏಳು ಹಾಲಿಗೆ ಆರು ಕಲ್ದಾರ್. ಅತ್ತೆ ಚಿಕ್ಕವರಿದ್ದಾಗ ಮಂತ್ರಾಲಯಕ್ಕೆ ಹೊರಟರೆ, ತುಂಗಭದ್ರೆಯ ಆಚೆ ದಡ ಮದ್ರಾಸ್ ಪ್ರಾಂತ. ಹರಿಗೋಲು ಹತ್ತುವ ಮುಂಚೆ ಸಾಹುಕಾರರ ಹತ್ತಿರ ಹಣ ಬದಲಿಸಬೇಕು; ಆತ ಅದರಲ್ಲೂ ವಟಾವು ಹಿಡಿಯುವವನೇ. ರಾಯರ ಹುಂಡಿಗೆ ಹಾಕುವ ಕಾಸಿಗೂ ಕಮಿಷನ್!

ಚೀನಾದಲ್ಲಿ ಇಂಥದ್ದೇ ಎರಡು ಬಗೆಯ ಹಣ ರೈತರ ಕುತ್ತಿಗೆಗೇ ಬಂದಿತ್ತು. ಅಲ್ಲಿನ ಕೊನೆಯ ರಾಜವಂಶವಾದ ಚಿಂಗ್ ಅರಸರ ಕಾಲದಲ್ಲಿ, ಬೆಳೆ ಮಾರಿದರೆ ರೈತನ ಕೈಗೆ ಬರುತ್ತಿದ್ದದ್ದು ಚೌಕ ತೂತಿನ ತಾಮ್ರದ ಕಾಸು. ಕಂದಾಯದ ಲೆಕ್ಕ ಮಾತ್ರ ಬೆಳ್ಳಿಯಲ್ಲಿ. ನಮ್ಮ ದೇಶದಲ್ಲಿ ಬೆಳೆದ ಅಫೀಮನ್ನು ಇಂಗ್ಲಿಷ್ ವ್ಯಾಪಾರಿಗಳು ಅಲ್ಲಿಗೆ ಸುರಿದರು. ಬೆಳ್ಳಿ ಹೊರಗೆ ಹರಿಯಿತು. 1800ರ ಹೊತ್ತಿಗೆ ಸುಮಾರು ಸಾವಿರ ಕಾಸಿಗೆ ಸಿಗುತ್ತಿದ್ದ ಬೆಳ್ಳಿಗೆ 1840ರ ದಶಕದ ಕೊನೆಗೆ ಎರಡು ಸಾವಿರದ ಮೇಲೆ ಕೊಡಬೇಕಾಯಿತು. ದರ ಏರಿಸದೆಯೇ ಕಂದಾಯ ದುಪ್ಪಟ್ಟು! ನಾನು ಓದಿದ್ದು ಇಂಗ್ಲಿಷ್ ಬಿ.ಎ., ಅರ್ಥಶಾಸ್ತ್ರ ಕಲಿತದ್ದು ಅಡುಗೆಮನೆಯ ಡಬ್ಬಿಗಳಿಂದ. ಆದರೂ ಇದು ಅರ್ಥವಾಗುತ್ತದೆ. ನಮ್ಮ ಕಡೆ ಏಳಕ್ಕೆ ಆರು ಹೆಚ್ಚುಕಡಿಮೆ ಹಾಗೇ ನಿಂತಿತ್ತು, ಪುಣ್ಯ.

ಹಾಗಂತ ನಿಜಾಮರನ್ನು ಹೊಗಳಲು ಹೊರಟಿಲ್ಲ. ನೋಟಿನ ಮೇಲೆ ಕನ್ನಡ ಬಂದ ಅದೇ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿತು, ಪಾಠವೆಲ್ಲ ಉರ್ದುವಿನಲ್ಲಿ. ಕಚೇರಿಯೂ ಉರ್ದು. ನಮ್ಮ ಹಳ್ಳಿಯವನು ಕೈಯಲ್ಲಿನ ದುಡ್ಡನ್ನು ಕನ್ನಡದಲ್ಲಿ ಓದಬಹುದಿತ್ತು, ತನ್ನ ಹೊಲದ ಕಾಗದವನ್ನಲ್ಲ. ಮಾವನವರ ತಂದೆ ಅರ್ಜಿ ಬರೆಸಲು ಮುನ್ಷಿಗೆ ದುಡ್ಡು ಕೊಡುತ್ತಿದ್ದರಂತೆ. ಅದೂ ಕನ್ನಡ ಅಚ್ಚಾದ ಇದೇ ನೋಟಿನಲ್ಲಿ!

1950ರಿಂದ ಭಾರತದ ರೂಪಾಯಿ ಜೊತೆಗೂಡಿ, 1959ಕ್ಕೆ ಹಾಲಿ ರೂಪಾಯಿಯ ಕಥೆ ಮುಗಿಯಿತು. ಈ ಒಂದು ನೋಟನ್ನು ಬದಲಾಯಿಸಲು ಯಾಕೋ ಅತ್ತೆ ಕೊಡಲಿಲ್ಲ. ಮಗ ಅದರ ಫೋಟೋ ತೆಗೆದು ಕೋಚಿಂಗ್ ಗೆಳೆಯರಿಗೆಲ್ಲ ಕಳಿಸಿದ್ದಾನೆ. ನಿಮ್ಮ ಅಜ್ಜಿಯರ ಟ್ರಂಕಿನಲ್ಲೂ ಒಂದಿದ್ದರೆ, ಸಂಘದ ಮುಂದಿನ ಸಭೆಗೆ ತನ್ನಿ. ಇಸ್ತ್ರಿ ಮಾತ್ರ ಮಾಡಬೇಡಿ. ನಾನು ಮಾಡಲು ಹೋಗಿ ಬೈಸಿಕೊಂಡಿದ್ದೇನೆ.