ಮೈಸೂರು ಸ್ವತಂತ್ರ ದೇಶವಾಗಿತ್ತೆ? ಯಾರಿಗೆ?



ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಟೀ ಕುಡೀತಾ ನಿಂತಿದ್ದೆವು. ಕಾಲೇಜಿನ ಗೆಳೆಯನೊಬ್ಬ ಎದೆಯುಬ್ಬಿಸಿ ಹೇಳಿದ: 'ನಮ್ಮ ಮೈಸೂರು ಬೇರೆ ದೇಶಾನೇ ಆಗಿತ್ತು ಕಣ್ರೋ. ನಮ್ಮದೇ ರಾಜ, ನಮ್ಮದೇ ಸೈನ್ಯ. ದಿಲ್ಲಿಯ ಹಂಗೇ ಇರ್ಲಿಲ್ಲ.' ನಮ್ಮವನೊಬ್ಬ ಕೇಳಿದ: 'ಆ ದೇಶದಲ್ಲಿ ನಮ್ಮ ಕೇರಿಯೋರು ಊರ ಬಾವಿ ಮುಟ್ಟಬಹುದಿತ್ತಾ?' ಟೀ ಆರಿತು, ಉತ್ತರ ಬರಲಿಲ್ಲ. ಹಾಸ್ಟೆಲಿಗೆ ಬಂದ ಮೇಲೂ ಈ ಮಾತು ನಮ್ಮನ್ನು ಬಿಡಲಿಲ್ಲ.

ಗೆಳೆಯನ ಮಾತು ಪೂರಾ ಸುಳ್ಳಲ್ಲ. ಹೈದರ್, ಟಿಪ್ಪು ಕಾಲದ ಮೈಸೂರು ತನ್ನ ಯುದ್ಧ ತಾನೇ ಮಾಡಿತು, ತನ್ನ ನಾಣ್ಯ ತಾನೇ ಟಂಕಿಸಿತು. 1784ರಲ್ಲಿ ಮಂಗಳೂರಿನಲ್ಲಿ ಕಂಪನಿಯ ಜೊತೆ ಸರಿಸಮನಾಗಿ ಕೂತು ಒಪ್ಪಂದ ಮಾಡಿಕೊಂಡಿತು. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಫ್ರಾನ್ಸಿನ ದೊರೆ ಹದಿನಾರನೇ ಲೂಯಿಯನ್ನು ಕಂಡರು. ದೇಶ ಅನ್ನೋದಕ್ಕೆ ಇನ್ನೇನು ಬೇಕು? (ತಮಾಷೆ ಏನಂದ್ರೆ, ಬೇರೆ ದೇಶ ಅಂತ ಹೆಮ್ಮೆ ಪಡುವ ಎಷ್ಟೋ ಜನಕ್ಕೆ ಟಿಪ್ಪುವಿನ ಹೆಸರೇ ಆಗಿಬರಲ್ಲ.)

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಆಮೇಲಿನದು ಬಾಡಿಗೆ ಮನೆಯ ದೊರೆತನ. ಕಂಪನಿ ಪುಟ್ಟ ಮಗುವೊಂದನ್ನು ಸಿಂಹಾಸನದ ಮೇಲೆ ಕೂರಿಸಿ ವರ್ಷಕ್ಕೆ 7 ಲಕ್ಷ ವರಾಹ ವಸೂಲಿಗೆ ನಿಂತಿತು. 1831ರಲ್ಲಿ ಆಡಳಿತವನ್ನೇ ಕಿತ್ತುಕೊಂಡಿತು. ಬ್ರಿಟಿಷರು 1881ರಲ್ಲಿ ಷರತ್ತು ಹಾಕಿ ವಾಪಸು ಕೊಟ್ಟರು. 1947ರ ಆಗಸ್ಟ್ 15ರಂದು ಬ್ರಿಟಿಷರು ಹೋದಾಗಲಾದರೂ ಮೈಸೂರು ಒಂದು ದಿನ ಬೇರೆ ದೇಶವಾಗಿತ್ತಾ? ಅದೂ ಇಲ್ಲ. ಆಗಸ್ಟ್ 9ಕ್ಕೇ ಜಯಚಾಮರಾಜ ಒಡೆಯರು ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದ್ದರು. ಅವರ ಹೆಸರಿನದೇ ಈ ಜಯನಗರ.

ಹೈದರಾಬಾದಿನ ಕಥೆ ಬೇರೆ. ನಿಜಾಮ 1948ರ ಸೆಪ್ಟೆಂಬರ್‌ವರೆಗೂ 'ನಾನು ಸ್ವತಂತ್ರ' ಅಂದ. ಅವನ ಪರವಾಗಿ ವಿಶ್ವಸಂಸ್ಥೆಗೆ ಹೋದ ನಿಯೋಗದಲ್ಲಿ ನಮ್ಮವರೇ ಆದ ಬಿ. ಶ್ಯಾಮಸುಂದರ್ ಇದ್ದರು, 1968ರಲ್ಲಿ ಗುಲ್ಬರ್ಗದಲ್ಲಿ ಭೀಮಸೇನೆ ಕಟ್ಟಿದವರು. ಬಾಬಾಸಾಹೇಬರೋ, ಸಂಸ್ಥಾನಗಳಿಗೆ ಸ್ವತಂತ್ರವಾಗುವ ಹಕ್ಕಿಲ್ಲ ಅಂತ 1947ರ ಜೂನ್‌ನಲ್ಲೇ ಹೇಳಿಕೆ ಕೊಟ್ಟಿದ್ದರು. ನಾವು ಬಾಬಾಸಾಹೇಬರ ಕಡೆ. ಹಾಗಂತ ಶ್ಯಾಮಸುಂದರರನ್ನು ದ್ರೋಹಿ ಅನ್ನೋಕೆ ನಮ್ಮ ನಾಲಿಗೆ ಏಳಲ್ಲ. ದಿಲ್ಲಿಗೆ ಬರೋದು ಯಾರ ರಾಜ್ಯ ಅನ್ನೋ ಅನುಮಾನ ನಮ್ಮ ಜನಕ್ಕಲ್ಲದೆ ಇನ್ಯಾರಿಗೆ ಬರಬೇಕು?

ಮೈಸೂರಿನ ಅರಮನೆ ಏನೂ ಕೊಡಲಿಲ್ಲ ಅಂದ್ರೆ ಅದೂ ತಪ್ಪು. 1918ರಲ್ಲಿ ನಾಲ್ವಡಿಯವರು ಮಿಲ್ಲರ್ ಸಮಿತಿ ನೇಮಿಸಿ ಬ್ರಾಹ್ಮಣೇತರರಿಗೆ ಸರ್ಕಾರಿ ನೌಕರಿಯ ಬಾಗಿಲು ತೆರೆದರು. ಒಪ್ಪದ ದಿವಾನ ವಿಶ್ವೇಶ್ವರಯ್ಯನವರು ಹುದ್ದೆ ಬಿಟ್ಟರು. ಆದರೆ ಅರಮನೆ ಕೊಟ್ಟದ್ದು ದಯೆ. ಕೇಳಿ ಪಡೆಯೋಕೆ ನಮ್ಮ ಕೈಯಲ್ಲಿ ಓಟಿರಲಿಲ್ಲ. ಜವಾಬ್ದಾರಿ ಸರ್ಕಾರಕ್ಕಾಗಿ ಜನ 1947ರ ಸೆಪ್ಟೆಂಬರ್‌ನಲ್ಲಿ 'ಮೈಸೂರು ಚಲೋ' ಮಾಡಿ ಜೈಲಿಗೆ ಹೋಗಬೇಕಾಯಿತು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ದೇವಸ್ಥಾನ ಪ್ರವೇಶದ ಕಾನೂನು ಬಂದದ್ದು ಅದಾದ ಮೇಲೆ, 1948ರಲ್ಲಿ. ಅಸ್ಪೃಶ್ಯತೆ ರದ್ದು ಅಂತ ಹದಿನೇಳನೇ ವಿಧಿ ಜಾರಿಗೆ ಬಂದದ್ದು 1950ರ ಜನವರಿ 26ಕ್ಕೆ. ನಮ್ಮ ಲೆಕ್ಕದಲ್ಲಿ ದೇಶ ಶುರುವಾಗೋ ತಾರೀಖು ಅದು.

ಮೊನ್ನೆ ಬನಶಂಕರಿಯಲ್ಲಿ ರೂಮು ಕೇಳೋಕೆ ಹೋಗಿದ್ದೆವು. ಮನೆಯಾಕೆ ಯಾವೂರು ಅಂದ್ರು. ಮೈಸೂರ ಕಡೆ ಅಂದ್ವಿ. ಮುಖ ಅರಳಿತು, ಒಳಗೆ ಕರೆದರು, ನೀರೂ ತಂದರು. ಲೋಟ ಕೈಗೆ ಕೊಡೋ ಮುಂಚೆ ಕೇಳಿದರು: 'ಯಾವ ಜನ?'