ಮುರಿದುಕೊಂಡ ರೊಕ್ಕ ಯಾರದು?

ಆದಾಯ ತೆರಿಗೆಯೆಂದರೆ ಪಟ್ಟಣದ ಸಿರಿವಂತರ ಸಂಗತಿ, ಒಕ್ಕಲಿಗನಿಗೂ ಕೂಲಿಕಾರನಿಗೂ ಅದರ ಗೊಡವೆ ಇಲ್ಲವೆಂದು ನಮ್ಮ ಹಳ್ಳಿಗಳಲ್ಲಿ ಇಂದಿಗೂ ತಿಳಿದವರುಂಟು. ಬೇಸಾಯದ ಉತ್ಪನ್ನಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲವೆಂಬುದು ನಿಜ. ಆದರೆ ತೆರಿಗೆ ಕೊಡಬೇಕಾಗಿಲ್ಲದವನ ರೊಕ್ಕವೂ ಕೈಗೆ ಬರುವ ಮೊದಲೇ ತೆರಿಗೆಯ ಹೆಸರಿನಲ್ಲಿ ಮುರಿದುಹೋಗುತ್ತದೆ. ಅದನ್ನು ಮರಳಿ ಪಡೆಯಲು ಅವನೇ ಅರ್ಜಿದಾರನಾಗಿ ನಿಲ್ಲಬೇಕು.

ಸವದತ್ತಿ ತಾಲೂಕಿನ ಸಿರಸಂಗಿಯ ಸುತ್ತಲಿನ ಹಳ್ಳಿಗಳನ್ನೇ ನೋಡಿರಿ. ಕಬ್ಬು ಕಡಿಯುವ ಗ್ಯಾಂಗಿನ ಕರಾರು ಮುಕಾದಮನ ಹೆಸರಿನಲ್ಲಿ ಆಗುತ್ತದೆ, ಬಿಲ್ಲೂ ಅವನ ಖಾತೆಗೇ ಜಮೆಯಾಗುತ್ತದೆ. ಗುತ್ತಿಗೆಯ ಹಣದಲ್ಲಿ ನೂರಕ್ಕೆ ಒಂದು ರೂಪಾಯಿ ಮುರಿದು ಸರಕಾರಕ್ಕೆ ತುಂಬಬೇಕೆಂಬುದು ಕಾಯಿದೆ; ಇದೇ ಟಿಡಿಎಸ್. ಒಂದು ಹಂಗಾಮಿಗೆ 8 ಲಕ್ಷ ರೂಪಾಯಿ ಬಿಲ್ಲಾಯಿತೆಂದು ಲೆಕ್ಕಕ್ಕೆ ಹಿಡಿಯೋಣ. 8,000 ರೂಪಾಯಿ ಮುರಿಯಿತು. ಪಾನ್ ಕಾರ್ಡು ಇಲ್ಲದಿದ್ದರೆ ನೂರಕ್ಕೆ ಇಪ್ಪತ್ತು, ಅಂದರೆ 1,60,000! ಈ 8 ಲಕ್ಷ ಮುಕಾದಮನ ಆದಾಯವೇನು? ಅದು ಗಂಡಹೆಂಡಿರಾಗಿ ಬೆಳಕು ಹರಿಯುವ ಮುನ್ನ ಹೊಲಕ್ಕಿಳಿದ ಹತ್ತಾರು ಜೋಡಿಗಳ ಕೂಲಿ. ಅವರಲ್ಲಿ ಒಬ್ಬರಿಗೂ ತೆರಿಗೆ ಬೀಳುವ ಪ್ರಶ್ನೆಯೇ ಇಲ್ಲ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆ ಇಲ್ಲವೆಂದು ಸರಕಾರವೇ ಡಂಗುರ ಸಾರಿತಲ್ಲವೆ?

ಮುರಿದದ್ದು ತಾನಾಗಿ ಮರಳುವುದಿಲ್ಲ. ರಿಟರ್ನ್ ತುಂಬಬೇಕು, 30 ದಿನದೊಳಗೆ ಅದನ್ನು ದೃಢೀಕರಿಸಬೇಕು. ಅಂಗಡಿಯವನು ತುಂಬಿಕೊಟ್ಟನೆಂದು ನಂಬಿ ದೃಢೀಕರಣ ಮರೆತ ರಿಟರ್ನು ಲೆಕ್ಕಕ್ಕೇ ಇಲ್ಲ. ಆಮೇಲೆ ಅದು ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ ಹೋಗುತ್ತದೆ. ಕೆಲವರಿಗೆ ವಾರಗಳಲ್ಲೇ ಹಣ ಬರುತ್ತದೆ, ಇದನ್ನು ಒಪ್ಪಲೇಬೇಕು. ಆದರೆ 2025ರ ಜುಲೈಯಲ್ಲಿ ಸಲ್ಲಿಸಿದ ರಿಟರ್ನನ್ನು ಪರಿಶೀಲಿಸಿ ತಿಳಿಸಲು ಇಲಾಖೆಗೆ ಕಾಯಿದೆ ಕೊಟ್ಟ ಗಡುವು 2026ರ ಡಿಸೆಂಬರ್ 31. ಬಡವನಿಗೆ 30 ದಿನ, ಇಲಾಖೆಗೆ 17 ತಿಂಗಳು!

ದಾರಿಯಲ್ಲಿ ಮುಳ್ಳುಗಳೂ ಬಹಳ. ಅರ್ಜಿ ತುಂಬಿದವನು ತನ್ನ ಮೊಬೈಲ್ ನಂಬರನ್ನೇ ಬರೆದಿದ್ದರೆ ಇಲಾಖೆಯ ಸೂಚನೆಗಳೆಲ್ಲ ಅವನಿಗೇ ಹೋಗುತ್ತವೆ. 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ ವಿಲೀನವಾಗಿ, ಮುಂದಿನ ವರ್ಷ ಹಳೆಯ ಐಎಫ್‌ಎಸ್‌ಸಿ ಸಂಖ್ಯೆಗಳು ರದ್ದಾದವು. ಹಳೆಯ ಸಂಖ್ಯೆ ಕೊಟ್ಟರೆ ಹಣ ಖಾತೆ ಮುಟ್ಟುವುದಿಲ್ಲ. ಆಧಾರಿಗೆ ಜೋಡಿಸದ ಪಾನ್ 2023ರ ಜುಲೈ 1ರಿಂದ ನಿಷ್ಕ್ರಿಯ. ಅಂಥವನಿಗೆ ಮರುಪಾವತಿಯೂ ಇಲ್ಲ, ಆ ಅವಧಿಯ ಬಡ್ಡಿಯೂ ಇಲ್ಲ. ಮತ್ತೆ ಜೋಡಿಸಲು 1,000 ರೂಪಾಯಿ ಎಣಿಸಬೇಕು.

ಬಡ್ಡಿಯ ಮಾತು ಬಂದಿತು. ನಾವು ತೆರಿಗೆ ತಡಮಾಡಿದರೆ ಸರಕಾರ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ ಹಾಕುತ್ತದೆ. ನಮ್ಮ ಹಣ ತನ್ನ ಬಳಿ ಇದ್ದರೆ ಕೊಡುವುದು ಅರ್ಧ ರೂಪಾಯಿ. ಹಳ್ಳಿಯ ಸಾವುಕಾರನನ್ನು ಬೈಯುವ ನಮ್ಮ ಮಂತ್ರಿಗಳು ಈ ಎರಡು ತಕ್ಕಡಿಗಳನ್ನು ಏನೆಂದು ಕರೆಯುತ್ತಾರೆ?

2025ರ ಫೆಬ್ರುವರಿಯಲ್ಲಿ ಲೋಕಸಭೆಗೆ ಬಂದ ಹೊಸ ಆದಾಯ ತೆರಿಗೆ ಮಸೂದೆಯಲ್ಲಿ, ಗಡುವಿನೊಳಗೆ ರಿಟರ್ನ್ ಸಲ್ಲಿಸದವನಿಗೆ ಮರುಪಾವತಿಯೇ ಇಲ್ಲವೆನ್ನುವಂಥ ಷರತ್ತೊಂದು ಸೇರಿತ್ತು. ಆಯ್ಕೆ ಸಮಿತಿ ಆಕ್ಷೇಪಿಸಿತು. ಆಗಸ್ಟಿನಲ್ಲಿ ಪಾಸಾದ ಮಸೂದೆಯಲ್ಲಿ ಅದು ಉಳಿಯಲಿಲ್ಲ. ಗದ್ದಲವಾಗದಿದ್ದರೆ ಉಳಿಯುತ್ತಿತ್ತೋ ಏನೋ.

ಸರಕಾರವನ್ನು ಬೈದು ನಮ್ಮವರನ್ನು ಬಿಡುವುದು ನ್ಯಾಯವಲ್ಲ. ಮರುಪಾವತಿ ಮುಕಾದಮನ ಖಾತೆಗೆ ಬರುವ ಹೊತ್ತಿಗೆ ಹಂಗಾಮು ಮುಗಿದಿರುತ್ತದೆ, ಗ್ಯಾಂಗು ಚದುರಿರುತ್ತದೆ. ಆ 8,000ದಲ್ಲಿ ತನ್ನ ಪಾಲಿತ್ತೆಂಬುದೇ ಕೂಲಿಕಾರಳಿಗೆ ತಿಳಿಯದು. ಮುಂಗಡದ ಲೆಕ್ಕವನ್ನು ಪೈಸೆ ಬಿಡದೆ ಬರೆಯುವ ಮುಕಾದಮನು ಇದನ್ನೂ ಬರೆಯಲಿ. ಹಂಗಾಮಿನ ಕೊನೆಯ ದಿನ ಎಲ್ಲರೆದುರು ಓದಿ ಹೇಳಲಿ.

ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಬರೆದಿಟ್ಟ ಊರು ಸಿರಸಂಗಿ. ಅಂಥ ಊರಿನ ಕೂಲಿಕಾರ ಇಂದು ಕೇಳುತ್ತಿರುವುದು ತನ್ನದೇ ಬಾಕಿಯನ್ನು. ಗ್ಯಾಂಗಿನ ಕೂಲಿಯಲ್ಲಿ ತೆರಿಗೆ ಮುರಿಯುವುದು ನಿಲ್ಲಬೇಕು. ಎರಡೂ ಕಡೆಯ ಬಡ್ಡಿ ಒಂದೇ ಆಗಬೇಕು. ತಾಲೂಕಿಗೊಂದು ಕಡೆ, ಕನ್ನಡದಲ್ಲಿ ಉತ್ತರ ಹೇಳುವ ಮನುಷ್ಯನೊಬ್ಬನು ಕೂಡಬೇಕು.

ಅಲ್ಲಿಯವರೆಗೆ ಓದುಗರು ಇಷ್ಟನ್ನಾದರೂ ಮಾಡಿರಿ. ಮುರಿದುಕೊಂಡವರಿಂದ ಟಿಡಿಎಸ್ ಪ್ರಮಾಣಪತ್ರ ಕೇಳಿ ಪಡೆಯಿರಿ. ಆ ಮೊತ್ತ ನಿಮ್ಮ ಪಾನ್ ಸಂಖ್ಯೆಗೇ ಜಮೆಯಾಗಿದೆಯೋ ಇಲ್ಲವೋ ಇಲಾಖೆಯ ಪೋರ್ಟಲಿನಲ್ಲಿ ನೋಡಿಸಿರಿ. ಜಮೆಯಾಗಿಲ್ಲದಿದ್ದರೆ, ಮುರಿದುಕೊಂಡವನೇ ತನ್ನ ಲೆಕ್ಕಪತ್ರ ತಿದ್ದಿ ಕಳಿಸಬೇಕು. ಒಮ್ಮೆ ಮುರಿದ ತೆರಿಗೆಯನ್ನು ದುಡಿದವನಿಂದ ಮತ್ತೆ ಕೇಳಕೂಡದೆಂದು 1961ರ ಕಾಯಿದೆಯ 205ನೆಯ ಕಲಮಿನಲ್ಲಿದೆ. ನೋಟೀಸು ಬಂದರೆ ಅದನ್ನು ಕಾಣಿಸಿ ಉತ್ತರ ಬರೆಯಿರಿ. ರಿಟರ್ನಿನ ರಸೀದಿ, ಪಾಸ್‌ವರ್ಡ್ ಎರಡೂ ನಿಮ್ಮ ಮನೆಯಲ್ಲಿರಲಿ, ಅಂಗಡಿಯಲ್ಲಿ ಬೇಡ.